ಗುಡ್ಡದ ಗಾಳಿ, ಮನೆಯ ದೀಪ



ಬೆಂಗಳೂರಿನಿಂದ ದಾವಣಗೆರೆಯ ಕಡೆಗೆ ಹೊರಟ ಬಸ್ಸು ಹಿರಿಯೂರನ್ನು ದಾಟಿ ಚಿತ್ರದುರ್ಗವನ್ನು ಸಮೀಪಿಸುತ್ತಿದ್ದಂತೆ, ಕಿಟಕಿಯ ಪಕ್ಕ ಕುಳಿತವರ ಕಣ್ಣು ತಾನಾಗಿಯೇ ಗುಡ್ಡಗಳ ನೆತ್ತಿಯತ್ತ ಹೋಗುತ್ತದೆ. ಅಲ್ಲಿ ಮೂರು ರೆಕ್ಕೆಯ ಬಿಳಿಯ ಯಂತ್ರಗಳು ಸಾಲುಗಟ್ಟಿ ನಿಂತು, ಯಾವ ಅವಸರವೂ ಇಲ್ಲದೆ ತಿರುಗುತ್ತಿರುತ್ತವೆ. ಜೋಗಿಮಟ್ಟಿಯ ಸಾಲಿನಲ್ಲಿ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರಿನ ಕಡೆಯ ಗುಡ್ಡಗಳಲ್ಲಿ ಕಳೆದ ಕಾಲು ಶತಮಾನದಲ್ಲಿ ಇವು ಒಂದೊಂದಾಗಿ ಎದ್ದು ನಿಂತಿವೆ. ಕಲ್ಲಿನ ಕೋಟೆಯ ಜಿಲ್ಲೆಗೆ ಗಾಳಿಯ ಜಿಲ್ಲೆ ಎಂಬ ಇನ್ನೊಂದು ಗುರುತೂ ಬಂದಿದೆ.

ಅದೇ ಹೆದ್ದಾರಿಯಲ್ಲಿ ಚಿತ್ರದುರ್ಗದಿಂದ ಮುಂದೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಹೋದರೆ ಭರಮಸಾಗರ. ಪಾಳೆಯಗಾರ ಭರಮಣ್ಣ ನಾಯಕನ ಹೆಸರು ಹೊತ್ತ ಊರು. ಇಲ್ಲಿಯ ಹೊಲದ ಮನೆಯೊಂದರಲ್ಲಿ ನಿಮ್ಮ ವಯಸ್ಸಿನ ಹುಡುಗನೋ ಹುಡುಗಿಯೋ ಇದ್ದಾರೆ ಎಂದುಕೊಳ್ಳೋಣ. ಆಷಾಢದ ಸಂಜೆ. ಗಾಳಿಯ ರಭಸಕ್ಕೆ ಬಾಗಿಲು ಪಟಪಟ ಬಡಿದುಕೊಳ್ಳುತ್ತಿದೆ. ಅದೇ ಗಾಳಿಗೆ ಎಲ್ಲೋ ತಂತಿ ಕಡಿದು ಕರೆಂಟೂ ಹೋಗಿದೆ. ಆಗ ಆ ಮಗುವಿನ ಮನಸ್ಸಿನಲ್ಲಿ ಮೂಡುವ ಪ್ರಶ್ನೆ ಸಹಜವಾದದ್ದು: ಗುಡ್ಡದ ಮೇಲೆ ತಿರುಗುವ ಯಂತ್ರದ ಒಂದು ಮರಿ ನಮ್ಮ ಮಾಳಿಗೆಯ ಮೇಲೆ ಏಕೆ ತಿರುಗಬಾರದು?

ತಿರುಗಬಹುದು. ಆದರೆ ದೀಪ ಉರಿಸುವಷ್ಟು, ನೀರೆತ್ತುವಷ್ಟು ತಿರುಗುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಮನೆಯವರು ಈರುಳ್ಳಿಯೋ ಮೆಕ್ಕೆಜೋಳವೋ ಮಾರಿ ಬಂದ ಹಣವನ್ನು ಇಂಥ ಯಂತ್ರಕ್ಕೆ ಹಾಕುವ ಮೊದಲು ಈ ಎರಡನೆಯ ಪ್ರಶ್ನೆಗೆ ಉತ್ತರ ಸಿಗಲೇಬೇಕು. ಆ ಉತ್ತರವನ್ನು ಅಂಗಡಿಯವರು ಹೇಳಲಾರರು, ಯಂತ್ರದ ಜೊತೆ ಬರುವ ಬಣ್ಣದ ಪುಸ್ತಿಕೆಯೂ ಹೇಳಲಾರದು. ನಿಮ್ಮ ಹೊಲದ ಗಾಳಿಯನ್ನೇ ಕೇಳಬೇಕು. ಕೇಳುವ ಬಗೆ ಹೇಗೆ ಎಂಬುದೇ ಈ ಹೊತ್ತಿನ ಮಾತು.

ಮೊದಲು ಒಂದು ಸಣ್ಣ ಲೆಕ್ಕ. ಕಾಗದ, ಪೆನ್ಸಿಲು ಹತ್ತಿರವಿದ್ದರೆ ಒಳ್ಳೆಯದು. ಗಾಳಿಗೂ ತೂಕವಿದೆ. ಸಮುದ್ರ ಮಟ್ಟಕ್ಕಿಂತ ಎತ್ತರದಲ್ಲಿರುವ ನಮ್ಮ ಬಯಲುಸೀಮೆಯ ಬೆಚ್ಚನೆಯ ಗಾಳಿ ಒಂದು ಘನಮೀಟರಿಗೆ ಸುಮಾರು 1.1 ಕಿಲೋಗ್ರಾಂ ತೂಗುತ್ತದೆ. ಚಲಿಸುವ ವಸ್ತುವಿನ ಚಲನಶಕ್ತಿ ಅದರ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂದು ಪಾಠದಲ್ಲಿ ಓದಿದ್ದೀರಿ. ಇಲ್ಲಿ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ಗಾಳಿ ಬೇಗ ಬಂದಷ್ಟೂ ಒಂದು ಸೆಕೆಂಡಿನಲ್ಲಿ ರೆಕ್ಕೆಗಳ ಮೂಲಕ ಹಾಯುವ ಗಾಳಿಯ ರಾಶಿಯೂ ಹೆಚ್ಚು. ವೇಗದ ವರ್ಗವನ್ನು ಮತ್ತೊಮ್ಮೆ ವೇಗದಿಂದ ಗುಣಿಸಬೇಕಾಗುತ್ತದೆ. ಹಾಗಾಗಿ ಗಾಳಿಯಲ್ಲಿರುವ ಸಾಮರ್ಥ್ಯ ವೇಗದ ಘನಕ್ಕೆ ಅನುಗುಣವಾಗಿರುತ್ತದೆ.

ಸೂತ್ರ ಚಿಕ್ಕದು, ಪರಿಣಾಮ ದೊಡ್ಡದು. ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಬೀಸುವ ಗಾಳಿ ಒಂದು ಚದರ ಮೀಟರ್ ಜಾಗದ ಮೂಲಕ ಹಾಯುವಾಗ ಅದರಲ್ಲಿರುವುದು ಸುಮಾರು 15 ವಾಟ್. ವೇಗ 6 ಮೀಟರ್ ಆದರೆ ಸುಮಾರು 119 ವಾಟ್. 12 ಮೀಟರ್ ಆದರೆ 950 ವಾಟ್. ವೇಗ ಇಮ್ಮಡಿಯಾದಾಗಲೆಲ್ಲ ಸಾಮರ್ಥ್ಯ ಎಂಟು ಮಡಿ. ಮುಖಕ್ಕೆ ಹಿತವಾಗಿ ತಾಗುವ ತಂಗಾಳಿಯಲ್ಲಿ ಇಡೀ ಚದರ ಮೀಟರಿಗೆ ಒಂದೆರಡು ಎಲ್.ಇ.ಡಿ. ಬಲ್ಬಿನಷ್ಟೇ ಶಕ್ತಿ ಎಂದರೆ ನಂಬುವುದು ಕಷ್ಟ. ನಿಜ ಮಾತ್ರ ಅದೇ.

ಅಷ್ಟನ್ನೂ ನಾವು ಹಿಡಿದುಕೊಳ್ಳಲಾರೆವು. ಜರ್ಮನಿಯ ಆಲ್ಬರ್ಟ್ ಬೆಟ್ಸ್ ಎಂಬ ವಿಜ್ಞಾನಿ ಸುಮಾರು ನೂರು ವರ್ಷಗಳ ಹಿಂದೆ ಇದರ ಮಿತಿಯನ್ನು ಲೆಕ್ಕ ಹಾಕಿ ತೋರಿಸಿದರು: ಗಾಳಿಯ ಶಕ್ತಿಯಲ್ಲಿ ಶೇಕಡ 59.3ಕ್ಕಿಂತ ಹೆಚ್ಚನ್ನು ಯಾವ ಯಂತ್ರವೂ ತೆಗೆಯಲಾರದು. ಕಾರಣ ಸರಳ. ಪೂರ್ತಿ ಶಕ್ತಿಯನ್ನು ಕಿತ್ತುಕೊಂಡರೆ ಗಾಳಿ ಅಲ್ಲೇ ನಿಂತುಬಿಡುತ್ತದೆ. ಬಸ್ಸು ಹತ್ತಿದವರು ಬಾಗಿಲಲ್ಲೇ ನಿಂತರೆ ಹಿಂದಿನವರು ಹತ್ತಲಾಗದು, ಹಾಗೆ. ಚೆನ್ನಾಗಿ ಮಾಡಿದ ಸಣ್ಣ ಯಂತ್ರಗಳಲ್ಲಿ ಕೊನೆಗೆ ಬ್ಯಾಟರಿ ತಲುಪುವುದು ಶೇಕಡ 20ರಿಂದ 25. ಎರಡು ಮೀಟರ್ ವ್ಯಾಸದ ಚಕ್ರ ಗುಡಿಸುವ ಜಾಗ 3.14 ಚದರ ಮೀಟರ್. ವರ್ಷದ ಸರಾಸರಿ ವೇಗ ಸೆಕೆಂಡಿಗೆ 5 ಮೀಟರ್ ಇರುವ ಜಾಗದಲ್ಲಿ ಅದು ದಿನಕ್ಕೆ ಸುಮಾರು 2 ಯೂನಿಟ್ ಕೊಟ್ಟೀತು. ಸರಾಸರಿ 3 ಮೀಟರ್ ಇರುವಲ್ಲಿ ಅದೇ ಯಂತ್ರ, ಅದೇ ಬೆಲೆ, ಅರ್ಧ ಯೂನಿಟ್ಟನ್ನೂ ಕೊಡಲಾರದು. ಈ ಎರಡು ಜಾಗಗಳ ನಡುವೆ ಇರುವ ಅಂತರ ಕೆಲವೊಮ್ಮೆ ಒಂದು ಹುಣಿಸೆ ತೋಪು ಮಾತ್ರ.

ನಿಮ್ಮ ಅಜ್ಜನನ್ನು ಕೇಳಿ ನೋಡಿ. ಸುಗ್ಗಿಯಲ್ಲಿ ಕಣವನ್ನು ಎಲ್ಲಿ ಮಾಡುತ್ತಿದ್ದರು? ಮನೆಯ ಹಿತ್ತಲಿನಲ್ಲಲ್ಲ, ಊರ ಹೊರಗಿನ ಬಯಲಿನಲ್ಲಿ. ರಾಶಿ ತೂರುವವರು ನೆಲದ ಮೇಲೆ ನಿಲ್ಲುತ್ತಿರಲಿಲ್ಲ, ಎತ್ತರದ ಮಣೆಯೋ ಗಾಡಿಯೋ ಏರಿ ಮೊರ ಎತ್ತುತ್ತಿದ್ದರು. ಹೊಟ್ಟು ಹಾರಲು ಹೆಚ್ಚು ಹೊತ್ತು ಸಿಗಲಿ ಎಂಬುದು ಒಂದು ಕಾರಣ. ಎತ್ತರದಲ್ಲಿ ಗಾಳಿ ಚೆನ್ನಾಗಿರುತ್ತದೆ ಎಂಬುದು ಇನ್ನೊಂದು. ಗಾಳಿ ಬಂದಾಗ ತೂರಿಕೊ ಎಂಬ ಗಾದೆ ಕಟ್ಟಿದ ಜನಕ್ಕೆ ಗಾಳಿ ಯಾವಾಗ ಬರುತ್ತದೆ ಎಂಬುದಷ್ಟೇ ಅಲ್ಲ, ಎಲ್ಲಿ ಬರುತ್ತದೆ ಎಂಬುದೂ ತಿಳಿದಿತ್ತು.

ನೆಲಕ್ಕೆ ಹತ್ತಿರ ಬಂದಂತೆ ಗಾಳಿ ಮಣ್ಣಿಗೆ, ಬೆಳೆಗೆ, ಬೇಲಿಗೆ, ಮನೆಗಳಿಗೆ ಉಜ್ಜಿ ನಿಧಾನವಾಗುತ್ತದೆ. ತೆರೆದ ಬಯಲಿನಲ್ಲಿ 10 ಮೀಟರ್ ಎತ್ತರದ ವೇಗಕ್ಕೆ ಹೋಲಿಸಿದರೆ 80 ಮೀಟರ್ ಎತ್ತರದಲ್ಲಿ ವೇಗ ಸಾಮಾನ್ಯವಾಗಿ ಮೂರನೇ ಒಂದರಷ್ಟು ಹೆಚ್ಚು. ಘನದ ಲೆಕ್ಕ ಹಾಕಿದರೆ ಸಾಮರ್ಥ್ಯ 2.4 ಪಟ್ಟು. ಗುಡ್ಡದ ಏಣಿನ ಮೇಲಾದರೆ ಇನ್ನೊಂದು ಅನುಕೂಲ: ಇಳಿಜಾರಿನಲ್ಲಿ ಏರಿ ಬರುವ ಗಾಳಿ ನೆತ್ತಿಯ ಮೇಲೆ ಒತ್ತೊತ್ತಾಗಿ, ವೇಗವಾಗಿ ದಾಟುತ್ತದೆ. ದೊಡ್ಡ ಯಂತ್ರಗಳು ಗುಡ್ಡ ಹತ್ತಿ, ಅದರ ಮೇಲೆ 80, 100 ಮೀಟರಿನ ಕಂಬ ಏರಿ ನಿಂತಿರುವುದು ಇದಕ್ಕೇ. ಗುಡ್ಡದ ಬುಡದ ಮನೆಯಲ್ಲಿ ಕುಳಿತು ನೆತ್ತಿಯ ಚಕ್ರ ನೋಡಿ ನಮ್ಮಲ್ಲೂ ಅಷ್ಟೇ ಗಾಳಿ ಇದೆ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ.

ಇನ್ನು ಮಾಳಿಗೆಯ ವಿಚಾರ. ದೂರದರ್ಶನದಲ್ಲಿ ಕೆಲಸ ಮಾಡುವ ನಮಗೆ ಗಾಳಿಯ ಮೇಲೆ ಹಳೆಯ ಮುನಿಸಿದೆ. ಹೊರಾಂಗಣ ಚಿತ್ರೀಕರಣದಲ್ಲಿ ಮೈಕಿಗೆ ಸ್ಪಂಜಿನ ಟೋಪಿ ಹಾಕಿದರೂ ಅದು ಗೊರಗೊರ ಎನ್ನುತ್ತದೆ. ಧ್ವನಿಗ್ರಾಹಕರು ಮೊದಲು ಹುಡುಕುವುದು ಗೋಡೆಯ ಮರೆಯನ್ನು. ಅಲ್ಲಿ ಗಾಳಿ ಕಡಿಮೆ ನಿಜ, ಆದರೆ ಮೂಲೆಯಿಂದ ಒಂದೆರಡು ಹೆಜ್ಜೆ ಆಚೆಗೆ ಅದು ಸುಳಿಸುಳಿಯಾಗಿ ಮುಂದಿನಿಂದ, ಹಿಂದಿನಿಂದ, ಮೇಲಿನಿಂದ ಬಡಿಯುತ್ತದೆ. ಮನೆಯ ಮಾಳಿಗೆಯ ಮೇಲೂ ನಡೆಯುವುದು ಇದೇ. ಗೋಡೆಗೆ ಬಡಿದ ಗಾಳಿ ಮೇಲಕ್ಕೆ ಚಿಮ್ಮಿ, ಮಾಳಿಗೆಯ ಮೇಲೆ ಸುಳಿಯಾಗಿ ಹೊರಳುತ್ತದೆ. ಅಂಥ ಜಾಗದಲ್ಲಿ ಯಂತ್ರ ನಿಮಿಷಕ್ಕೆ ಹತ್ತು ಸಲ ದಿಕ್ಕು ಬದಲಿಸುತ್ತದೆ, ಬೇರಿಂಗು ಸವೆಯುತ್ತದೆ, ರೆಕ್ಕೆ ನಡುಗುತ್ತದೆ, ವಿದ್ಯುತ್ತು ಮಾತ್ರ ಬರುವುದಿಲ್ಲ. ನಡುಕವೆಲ್ಲ ಕಂಬದ ಮೂಲಕ ಇಳಿದು ರಾತ್ರಿಯಿಡೀ ಮನೆಯೊಳಗೆ ಗುಂಯ್‌ಗುಡುತ್ತದೆ.

ಅನುಭವಿಗಳು ಒಪ್ಪಿರುವ ನಿಯಮವೊಂದಿದೆ. ಸುತ್ತ ನೂರು, ನೂರೈವತ್ತು ಮೀಟರಿನಲ್ಲಿರುವ ಅತಿ ಎತ್ತರದ ಮರ ಅಥವಾ ಕಟ್ಟಡಕ್ಕಿಂತ ಯಂತ್ರ ಕನಿಷ್ಠ 9, 10 ಮೀಟರ್ ಮೇಲಿರಬೇಕು. ಮನೆಯ ಹಿಂದೆ 8 ಮೀಟರಿನ ತೆಂಗು ಇದ್ದರೆ ಕಂಬ 18 ಮೀಟರ್ ಆಗಬೇಕು. ತೆಂಗು ಬೆಳೆಯುತ್ತಲೇ ಇರುತ್ತದೆ ಎಂಬುದನ್ನೂ ಮರೆಯಬಾರದು. ದೊಡ್ಡ ಯಂತ್ರ, ಗಿಡ್ಡ ಕಂಬ ಎಂಬುದಕ್ಕಿಂತ ಸಣ್ಣ ಯಂತ್ರ, ಎತ್ತರದ ಕಂಬ ಎಂಬುದೇ ಜಾಣತನ. ಕೊಳ್ಳುವವರು ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧವಾಗಿ ಮಾಡುತ್ತಾರೆ. ಯಂತ್ರ ಕಣ್ಣಿಗೆ ಕಾಣುತ್ತದೆ, ಕಂಬ ಬರೀ ಕೊಳವೆ ತಾನೇ!

ಎಲ್ಲಿ ಎಂಬುದಾಯಿತು. ಯಾವಾಗ? ಚಿತ್ರದುರ್ಗದ ಗಾಳಿ ವರ್ಷವಿಡೀ ಒಂದೇ ಸಮನಾಗಿ ಬೀಸುವುದಿಲ್ಲ. ನೈರುತ್ಯ ಮಾರುತ ಪಶ್ಚಿಮ ಘಟ್ಟವನ್ನು ದಾಟುವಾಗ ಮಳೆಯನ್ನು ಮಲೆನಾಡಿಗೆ ಸುರಿದು, ಗಾಳಿಯನ್ನು ಮಾತ್ರ ನಮ್ಮ ಕಡೆ ಕಳುಹಿಸುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ, ಅಂದರೆ ಆಷಾಢದ ಆಸುಪಾಸು, ಗಾಳಿಯ ಸುಗ್ಗಿ. ಅಕ್ಟೋಬರ್ ಹೊತ್ತಿಗೆ ಅದು ಸೋತು ಮಲಗುತ್ತದೆ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಮತ್ತೆ ಅಷ್ಟಿಷ್ಟು ಏಳುತ್ತದೆ.

ಇಲ್ಲಿ ಗಣಿತದ ವಿದ್ಯಾರ್ಥಿಗಳಿಗೆ ಒಂದು ಸ್ವಾರಸ್ಯವಿದೆ. ಒಂದು ಜಾಗದಲ್ಲಿ ದಿನವಿಡೀ ಸೆಕೆಂಡಿಗೆ 5 ಮೀಟರ್ ಗಾಳಿ. ಇನ್ನೊಂದರಲ್ಲಿ ಅರ್ಧ ದಿನ 2 ಮೀಟರ್, ಅರ್ಧ ದಿನ 8 ಮೀಟರ್. ಎರಡರ ಸರಾಸರಿಯೂ 5. ಆದರೆ 5ರ ಘನ 125. ಇನ್ನೊಂದು ಕಡೆ 2ರ ಘನ 8, 8ರ ಘನ 512, ಅವುಗಳ ಸರಾಸರಿ 260. ಎರಡನೆಯ ಜಾಗದಲ್ಲಿ ಇಮ್ಮಡಿಗೂ ಹೆಚ್ಚು ಶಕ್ತಿ! ಬರೀ ಸರಾಸರಿ ವೇಗ ತಿಳಿದರೆ ಸಾಲದು, ಯಾವ ವೇಗದಲ್ಲಿ ಎಷ್ಟು ಗಂಟೆ ಬೀಸಿತು ಎಂಬುದು ಬೇಕು.

ಹೀಗೆ ಗಂಟೆಗಂಟೆಯ ಲೆಕ್ಕವನ್ನು ಇಡೀ ದೇಶಕ್ಕೆ ಕಲಿಸಿದವರು ಒಬ್ಬ ಮಹಿಳೆ. 1918ರಲ್ಲಿ ಕೇರಳದ ಪೀರುಮೇಡಿನಲ್ಲಿ ಹುಟ್ಟಿದ ಅನ್ನಾ ಮಣಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡಿ, ಮುಂದೆ ಹವಾಮಾನ ಇಲಾಖೆಯಲ್ಲಿ ಅಳತೆಯ ಉಪಕರಣಗಳನ್ನು ನಮ್ಮ ದೇಶದಲ್ಲೇ ತಯಾರಿಸುವ ಕೆಲಸಕ್ಕೆ ನೇತೃತ್ವ ವಹಿಸಿದರು. 1976ರಲ್ಲಿ ನಿವೃತ್ತರಾದ ಮೇಲೆ ಸುಮ್ಮನೆ ಕೂರಲಿಲ್ಲ. ಬೆಂಗಳೂರಿನಲ್ಲೇ ನೆಲಸಿ ದೇಶದ ಗಾಳಿಯ ಸಮೀಕ್ಷೆ ನಡೆಸಿದರು, ಗಾಳಿಯ ವೇಗ ಮತ್ತು ಬಿಸಿಲನ್ನು ಅಳೆಯುವ ಉಪಕರಣಗಳ ಸಣ್ಣ ಕಾರ್ಖಾನೆಯನ್ನೂ ತೆರೆದರು. ಸಹಲೇಖಕರೊಬ್ಬರೊಡನೆ ಅವರು ಸಿದ್ಧಪಡಿಸಿದ ಭಾರತದ ಗಾಳಿಯ ಅಂಕಿ ಅಂಶಗಳ ಗ್ರಂಥ 1983ರಲ್ಲಿ ಪ್ರಕಟವಾಯಿತು. ಇಂದು ನಮ್ಮ ಗುಡ್ಡಗಳ ಮೇಲೆ ತಿರುಗುತ್ತಿರುವ ಚಕ್ರಗಳ ಹಿಂದೆ ಕಂಬದ ತುದಿಯಲ್ಲಿ ಬಟ್ಟಲು ಕಟ್ಟಿ ವರ್ಷಗಟ್ಟಲೆ ಅಂಕಿ ಬರೆದಿಟ್ಟ ಈ ಶ್ರಮವಿದೆ. 2001ರಲ್ಲಿ ಅವರು ತೀರಿಕೊಂಡರು. ನಮ್ಮ ಪಠ್ಯಪುಸ್ತಕಗಳು ಅವರಿಗೆ ಇನ್ನಷ್ಟು ಜಾಗ ಕೊಡಬಹುದಿತ್ತು ಎಂದು ನನಗೆ ಅನಿಸುತ್ತದೆ.

ಈಗ ಚೆನ್ನೈಯಲ್ಲಿ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆ ಇದೆ. 1998ರಲ್ಲಿ ಬೇರೆ ಹೆಸರಿನಲ್ಲಿ ಆರಂಭವಾದದ್ದು. ಅದು ದೇಶದ ಗಾಳಿಯ ನಕ್ಷೆಗಳನ್ನು ಪ್ರಕಟಿಸುತ್ತದೆ. ನೋಡಿ, ಉಪಯುಕ್ತ. ಆದರೆ ಎಚ್ಚರ: ಅವು ಹೆಚ್ಚಾಗಿ 100 ಮೀಟರ್, 120 ಮೀಟರ್ ಎತ್ತರದ ಗಾಳಿಯನ್ನು ಹೇಳುತ್ತವೆ. ನಿಮ್ಮ 15 ಮೀಟರಿನ ಕಂಬಕ್ಕೆ ನಿಮ್ಮದೇ ಅಳತೆ ಬೇಕು.

ಅದು ಶಾಲೆಯ ಮಕ್ಕಳೂ ಮಾಡಬಹುದಾದ ಕೆಲಸ. ಅರ್ಧಗೋಳದ ನಾಲ್ಕು ಪ್ಲಾಸ್ಟಿಕ್ ಬಟ್ಟಲು, ಎರಡು ಅಡ್ಡ ಕಡ್ಡಿ, ಸೈಕಲ್ಲಿನ ಒಂದು ಬೇರಿಂಗು, ಸುತ್ತು ಎಣಿಸಲು ಸೈಕಲ್ಲಿನ ವೇಗ ತೋರುವ ಅಗ್ಗದ ಮೀಟರು, ಇಷ್ಟಿದ್ದರೆ ವೇಗಮಾಪಕ ಸಿದ್ಧ. ಗಾಳಿಯಿಲ್ಲದ ಮುಂಜಾನೆ, ಖಾಲಿ ರಸ್ತೆಯಲ್ಲಿ, ದೊಡ್ಡವರು ಓಡಿಸುವ ವಾಹನದಲ್ಲಿ ಅದನ್ನು ಎತ್ತಿ ಹಿಡಿದು ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಹೋದರೆ ಅದು ಸೆಕೆಂಡಿಗೆ 5 ಮೀಟರ್ ಗಾಳಿಗೆ ಸಮ. 36 ಕಿಲೋಮೀಟರಿಗೆ 10 ಮೀಟರ್. ಹಾಗೆ ಗುರುತು ಹಾಕಿಕೊಳ್ಳಿ. ಉಪಕರಣವೇ ಇಲ್ಲದಿದ್ದರೆ ಮರಗಳಿವೆ. ಬೊಫರ್ಟ್ ಮಾಪಕ ಎಂಬ ಹಳೆಯ ಪದ್ಧತಿಯ ಪ್ರಕಾರ ಎಲೆ ಸದ್ದು ಮಾಡಿದರೆ ವೇಗ 2, 3 ಮೀಟರ್. ಎಲೆ ಮತ್ತು ಎಳೆ ರೆಂಬೆ ಬಿಡದೆ ಅಲುಗಿದರೆ 4, 5. ಧೂಳು, ಕಾಗದ ಮೇಲೆದ್ದು ಸಣ್ಣ ಕೊಂಬೆ ಆಡಿದರೆ 6, 7. ಸಣ್ಣ ಮರವೇ ತೂಗಿದರೆ 8ರಿಂದ 10. ಅಂಗಳದ ಬೇವಿನ ಮರವನ್ನು ದಿನಕ್ಕೆ ಮೂರು ಹೊತ್ತು ನೋಡಿ ಒಂದು ವರ್ಷ ಬರೆದಿಟ್ಟರೆ ಅದೇ ದೊಡ್ಡ ದಾಖಲೆ. ಆಷಾಢದಲ್ಲಿ ಮಾತ್ರ ಬರೆದು ನಿಲ್ಲಿಸಿದರೆ ಆ ದಾಖಲೆ ಮೋಸ ಮಾಡುತ್ತದೆ. ಯಂತ್ರ ಕೊಳ್ಳುವ ಆಸೆ ಹುಟ್ಟುವುದೂ ಸಾಮಾನ್ಯವಾಗಿ ಆಷಾಢದಲ್ಲೇ!

ಅಳತೆಯ ನಂತರ ಬರುವುದು ಅಗತ್ಯ. ಶಕ್ತಿ ಯಾವುದಕ್ಕೆ ಬೇಕು? ನಮ್ಮ ರೈತರನ್ನು ಕೇಳಿದರೆ ಮೊದಲ ಉತ್ತರ ನೀರು. ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. 1960ರ ದಶಕದಲ್ಲಿ ಬೆಂಗಳೂರಿನ ನ್ಯಾಷನಲ್ ಏರೋನಾಟಿಕಲ್ ಲ್ಯಾಬೊರೇಟರಿ, ಅಂದರೆ ಎನ್.ಎ.ಎಲ್., ಡಬ್ಲ್ಯು.ಪಿ.-2 ಎಂಬ ಹನ್ನೆರಡು ರೆಕ್ಕೆಯ ನೀರೆತ್ತುವ ಗಾಳಿಯಂತ್ರವನ್ನು ರೂಪಿಸಿತು. ವಿಮಾನ ವಿಜ್ಞಾನಿಗಳು ಬಾವಿಯ ಕಡೆ ನೋಡಿದ ಅಪರೂಪದ ಪ್ರಯತ್ನ ಅದು. 1970ರ ದಶಕದ ಕೊನೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್.ಪಿ. ಗೋವಿಂದರಾಜು ಮತ್ತು ರೊದ್ದಂ ನರಸಿಂಹ ಅವರು ನೆಟ್ಟಗೆ ನಿಂತು ತಿರುಗುವ, ಬಟ್ಟೆಯ ಹಾಯಿ ಕಟ್ಟಿದ ಕಡಿಮೆ ಬೆಲೆಯ ಯಂತ್ರವನ್ನು ನೀರೆತ್ತಲೆಂದೇ ಮಾಡಿ ತೋರಿಸಿದರು. ವಿಜ್ಞಾನ ಇವುಗಳನ್ನು ಕೈಬಿಡಲಿಲ್ಲ. ಕೈಬಿಟ್ಟದ್ದು ನೀರು. ಅಂದಿನ ತೆರೆದ ಬಾವಿಯಲ್ಲಿ ನೀರು ಮೂವತ್ತು ಅಡಿಯಲ್ಲಿ ಸಿಗುತ್ತಿತ್ತು. ಇಂದು ಚಿತ್ರದುರ್ಗದ ಕೊಳವೆಬಾವಿ ಐನೂರು ಅಡಿ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ.

ಲೆಕ್ಕ ಹಾಕೋಣ. ಸಾವಿರ ಲೀಟರ್ ನೀರನ್ನು ಐನೂರು ಅಡಿ, ಅಂದರೆ 150 ಮೀಟರ್ ಎತ್ತಲು ಬೇಕಾದ ಶಕ್ತಿ 0.4 ಯೂನಿಟ್. ಪಂಪು, ಕೊಳವೆ, ತಂತಿಗಳ ನಷ್ಟ ಸೇರಿಸಿದರೆ ಸುಮಾರು 1 ಯೂನಿಟ್. ನಮ್ಮ ಎರಡು ಮೀಟರಿನ ಚಕ್ರ, ಒಳ್ಳೆಯ ಜಾಗದಲ್ಲಿ, ದಿನಕ್ಕೆ ಕೊಡುವ 2 ಯೂನಿಟ್ಟಿನಲ್ಲಿ ಮೇಲೆ ಬರುವುದು 2,000 ಲೀಟರ್. ಮನೆಗೆ, ದನಕರುಗಳಿಗೆ ಸಾಕು. ಅಡಿಕೆ ತೋಟಕ್ಕೆ ಆಗದು. ಅದೇ ಶಕ್ತಿ, ನೀರು 10 ಮೀಟರಿನಲ್ಲಿ ಇದ್ದಿದ್ದರೆ, 30,000 ಲೀಟರ್ ಎತ್ತುತ್ತಿತ್ತು. ಭರಮಸಾಗರದ ಸುತ್ತಿನಲ್ಲಿ ಕೆರೆ ತುಂಬುವುದಕ್ಕೂ ಗಾಳಿಯಂತ್ರಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ಈ ಎರಡು ಅಂಕಿಗಳನ್ನು ತೋರಿಸಿ. ಅಂತರ್ಜಲ ಒಂದೊಂದು ಮೀಟರ್ ಮೇಲೆ ಬಂದಾಗಲೂ ಗಾಳಿಯ, ಬಿಸಿಲಿನ ಯಂತ್ರಗಳು ಅಷ್ಟಷ್ಟು ಸಣ್ಣದಾದರೆ ಸಾಕು.

ನೀರೆತ್ತುವ ಯಂತ್ರಕ್ಕೆ ಹನ್ನೆರಡು ರೆಕ್ಕೆ, ವಿದ್ಯುತ್ತಿನ ಯಂತ್ರಕ್ಕೆ ಮೂರೇ ರೆಕ್ಕೆ ಏಕೆ? ಬಾವಿಯ ಸರಳು ಭಾರ. ಅದನ್ನು ಸಣ್ಣ ಗಾಳಿಯಲ್ಲೂ ಮೊದಲ ಸಲ ಎತ್ತಲು ಬಲ ಬೇಕು. ಹೆಚ್ಚು ರೆಕ್ಕೆ ಎಂದರೆ ಹೆಚ್ಚು ತಿರುಚು ಬಲ, ಕಡಿಮೆ ವೇಗ. ವಿದ್ಯುಜ್ಜನಕಕ್ಕೆ ಬೇಕಾದದ್ದು ವೇಗ. ಕೆಲವೇ ತೆಳುವಾದ ರೆಕ್ಕೆಗಳಿದ್ದರೆ ಅವುಗಳ ತುದಿ ಗಾಳಿಗಿಂತ ಐದಾರು ಪಟ್ಟು ವೇಗವಾಗಿ ಓಡುತ್ತದೆ. ವಿಮಾನದ ರೆಕ್ಕೆಯನ್ನು ಎತ್ತುವ ಬಲವೇ ಇಲ್ಲಿ ಅದನ್ನು ಮುಂದಕ್ಕೆ ಎಳೆಯುತ್ತದೆ. ಸೆಕೆಂಡಿಗೆ 5 ಮೀಟರ್ ಗಾಳಿಯಲ್ಲಿ ಮೀಟರ್ ಚಿಲ್ಲರೆ ವ್ಯಾಸದ ಚಕ್ರ ನಿಮಿಷಕ್ಕೆ ಸುಮಾರು 500 ಸುತ್ತು ಹಾಕೀತು. ಇದರಲ್ಲೊಂದು ತಮಾಷೆಯೂ ಇದೆ. ನಮ್ಮ ದೂರದರ್ಶನದ ಚಿತ್ರ ಸೆಕೆಂಡಿಗೆ 25 ಚೌಕಟ್ಟುಗಳದು. ಮೂರು ರೆಕ್ಕೆಯ ಚಕ್ರ ನಿಮಿಷಕ್ಕೆ ಸರಿಯಾಗಿ 500 ಸುತ್ತು ತಿರುಗಿದರೆ ಪ್ರತಿ ಚೌಕಟ್ಟಿನಲ್ಲೂ ಒಂದು ರೆಕ್ಕೆ ಇನ್ನೊಂದರ ಜಾಗದಲ್ಲೇ ಬಂದು ನಿಲ್ಲುತ್ತದೆ. ಪರದೆಯ ಮೇಲೆ ಯಂತ್ರ ನಿಂತಂತೆ ಕಾಣುತ್ತದೆ! ಸ್ವಲ್ಪ ನಿಧಾನವಾದರೆ ಹಿಂದಕ್ಕೆ ತಿರುಗಿದಂತೆ. ಏಕೆ ಎಂದು ನೀವೇ ಚಿತ್ರ ಬರೆದು ನೋಡಿ.

ವೇಗದ, ಕೆಲವೇ ರೆಕ್ಕೆಯ ಚಕ್ರ ವಿದ್ಯುತ್ತಿಗೆ ಒಳ್ಳೆಯದು ಎಂಬುದನ್ನು ಪ್ರಯೋಗದಿಂದ ಕಂಡುಕೊಂಡವರು ಡೆನ್ಮಾರ್ಕಿನ ಪೌಲ್ ಲಾ ಕೂರ್. ಅವರು ಆಸ್ಕೊವ್ ಎಂಬ ಹಳ್ಳಿಯ ಜನತಾ ಪ್ರೌಢಶಾಲೆಯ ಮೇಷ್ಟರು. 1891ರಲ್ಲಿ ಶಾಲೆಯ ಬಳಿ ಗಾಳಿಯಂತ್ರ ಕಟ್ಟಿ ವಿದ್ಯುತ್ ತಯಾರಿಸಿದರು. ಗಾಳಿ ಇಲ್ಲದ ಹೊತ್ತಿಗೆ ಏನು ಮಾಡುವುದು ಎಂಬ ಪ್ರಶ್ನೆ ಅವರನ್ನೂ ಕಾಡಿತು. ವಿದ್ಯುತ್ತಿನಿಂದ ನೀರನ್ನು ಒಡೆದು ಹೈಡ್ರೋಜನ್ ಕೂಡಿಟ್ಟು ಶಾಲೆಯ ದೀಪ ಉರಿಸಿದರು. ಹಳ್ಳಿಗಳಿಗೆ ವಿದ್ಯುತ್ ಕೆಲಸಗಾರರು ಬೇಕೆಂದು ಹುಡುಗರಿಗೆ ತರಬೇತಿಯನ್ನೂ ಕೊಟ್ಟರು. ಅವರ ವಿದ್ಯಾರ್ಥಿಗಳಲ್ಲಿ ಒಬ್ಬರಾದ ಯೊಹಾನೆಸ್ ಯೂಲ್ 1957ರಲ್ಲಿ ಗೆಡ್ಸರ್ ಎಂಬಲ್ಲಿ 200 ಕಿಲೋವಾಟಿನ ಮೂರು ರೆಕ್ಕೆಯ ಯಂತ್ರವನ್ನು ನಿಲ್ಲಿಸಿದರು. ನಮ್ಮ ಗುಡ್ಡಗಳ ಮೇಲಿನ ಯಂತ್ರಗಳು ಆ ವಂಶದವು.

ಇನ್ನು ವಿದ್ಯುಜ್ಜನಕ. ವಿಜ್ಞಾನ ಮೇಳಗಳಿಗೆ ಹೊರಟ ವಿದ್ಯಾರ್ಥಿಗಳು ಹಳೆಯ ಸೀಲಿಂಗ್ ಫ್ಯಾನಿಗೆ ರೆಕ್ಕೆ ಕಟ್ಟಿ, ದೀಪ ಹತ್ತಲಿಲ್ಲವಲ್ಲ ಎಂದು ಪೇಚಾಡುವುದುಂಟು. ಮಾಮೂಲಿ ಸೀಲಿಂಗ್ ಫ್ಯಾನಿನಲ್ಲಿ ಶಾಶ್ವತ ಕಾಂತವೇ ಇಲ್ಲ, ಸುಮ್ಮನೆ ತಿರುಗಿಸಿದರೆ ವಿದ್ಯುತ್ತು ಬರುವುದಿಲ್ಲ. ಕಾರಿನ ಆಲ್ಟರ್ನೇಟರ್ ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ಬೇಡುತ್ತದೆ, ಜೊತೆಗೆ ತನ್ನ ಕಾಂತವನ್ನು ಎಚ್ಚರಗೊಳಿಸಲು ಬ್ಯಾಟರಿಯಿಂದಲೇ ವಿದ್ಯುತ್ ತಿನ್ನುತ್ತದೆ. ಮಾದರಿಗೆ ಸೈಕಲ್ಲಿನ ಗಾಲಿಯ ಗುಂಬದಲ್ಲೇ ಇರುವ ಡೈನಮೊ ಒಳ್ಳೆಯದು. ನಿಜವಾದ ಯಂತ್ರಕ್ಕೆ ಎರಡು ಉಕ್ಕಿನ ತಟ್ಟೆಗಳ ಮೇಲೆ ನಿಯೋಡಿಮಿಯಂ ಕಾಂತಗಳನ್ನು ಅಂಟಿಸಿ, ನಡುವೆ ತಾಮ್ರದ ಸುರುಳಿಗಳನ್ನು ಇಟ್ಟ ಜನಕವೇ ಸೂಕ್ತ. ಸ್ಕಾಟ್ಲೆಂಡಿನ ಸ್ಕೊರೇಗ್ ಎಂಬ, ವಿದ್ಯುತ್ ಜಾಲವಿಲ್ಲದ ಕಡಲ ತೀರದ ಹಳ್ಳಿಯಲ್ಲಿ ಹ್ಯೂ ಪಿಗಟ್ ಎಂಬುವರು ಇಂಥ ಯಂತ್ರಗಳನ್ನು ಕೈಯಿಂದಲೇ ಮಾಡಿ, ಮಾಡುವ ವಿಧಾನವನ್ನು ಲೋಕಕ್ಕೆಲ್ಲ ಹಂಚಿದ್ದಾರೆ. ಈ ಕಾಂತಗಳ ನಡುವೆ ಬೆರಳು ಸಿಕ್ಕಿದರೆ ಜಜ್ಜಿಹೋಗುತ್ತದೆ, ಆದ್ದರಿಂದ ಮೇಷ್ಟರಿಲ್ಲದೆ ಮುಟ್ಟಬೇಡಿ.

ಗಾಳಿ ಸಾಲದು ಎಂದು ಇಷ್ಟು ಹೊತ್ತು ಹೇಳಿದೆ. ಯಂತ್ರ ಸಾಯುವುದು ಮಾತ್ರ ಗಾಳಿ ಹೆಚ್ಚಾದಾಗ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಮುಂಚೆ ಬಾಳೆ ತೋಟವನ್ನು ಮಲಗಿಸುವ ಬಿರುಗಾಳಿಯನ್ನು ನೀವು ನೋಡಿದ್ದೀರಿ. ಸಣ್ಣ ಯಂತ್ರದಲ್ಲಿ ಇದಕ್ಕೊಂದು ಸೊಗಸಾದ ಉಪಾಯವಿದೆ. ಚಕ್ರವನ್ನು ಕಂಬದ ನಡುರೇಖೆಯಿಂದ ಸ್ವಲ್ಪ ಪಕ್ಕಕ್ಕೆ ಇಟ್ಟು, ಬಾಲವನ್ನು ಓರೆಯಾದ ಕೀಲಿನ ಮೇಲೆ ಕೂರಿಸುತ್ತಾರೆ. ಗಾಳಿಯ ಒತ್ತಡ ಮಿತಿ ಮೀರಿದಾಗ ಚಕ್ರ ತಾನಾಗಿಯೇ ಪಕ್ಕಕ್ಕೆ ಹೊರಳುತ್ತದೆ, ಬಾಲ ಕೀಲಿನ ಮೇಲೆ ಏರುತ್ತದೆ. ಗಾಳಿ ತಗ್ಗಿದಾಗ ಬಾಲದ ತೂಕವೇ ಚಕ್ರವನ್ನು ಮತ್ತೆ ಗಾಳಿಗೆ ಎದುರಾಗಿ ತರುತ್ತದೆ. ಇನ್ನೊಂದು ಎಚ್ಚರಿಕೆ. ಬಿಸಿಲಿನ ಫಲಕದಂತೆ ಗಾಳಿಯಂತ್ರವನ್ನು ಬ್ಯಾಟರಿಯಿಂದ ಸುಮ್ಮನೆ ಬಿಡಿಸಬಾರದು. ಹೊರೆ ಇಲ್ಲದ ಎತ್ತಿನಂತೆ ಅದು ಹುಚ್ಚೆದ್ದು ಓಡುತ್ತದೆ. ಬ್ಯಾಟರಿ ತುಂಬಿದಾಗ ಹೆಚ್ಚಿನ ವಿದ್ಯುತ್ತನ್ನು ನೀರು ಕಾಯಿಸುವ ಸುರುಳಿಗೆ ತಿರುಗಿಸುವ ನಿಯಂತ್ರಕ ಇರಲೇಬೇಕು.

ತಂತಿಯ ವಿಷಯ ಚುಟುಕಾಗಿ ಹೇಳುತ್ತೇನೆ. 300 ವಾಟನ್ನು 12 ವೋಲ್ಟಿನಲ್ಲಿ ಇಳಿಸಿದರೆ ಪ್ರವಾಹ 25 ಆಂಪಿಯರ್, 48 ವೋಲ್ಟಿನಲ್ಲಾದರೆ ಆರು ಚಿಲ್ಲರೆ. ತಂತಿಯಲ್ಲಿ ಆಗುವ ನಷ್ಟ ಪ್ರವಾಹದ ವರ್ಗಕ್ಕೆ ಅನುಗುಣ, ಹಾಗಾಗಿ ಹದಿನಾರನೇ ಒಂದು. ಕಂಬ ಎತ್ತರವಾದಷ್ಟೂ, ಮನೆಯಿಂದ ದೂರವಾದಷ್ಟೂ ಇದು ಮುಖ್ಯ.

ಬಿಸಿಲಿನ ಫಲಕಗಳ ಬಗ್ಗೆ ಹೇಳದೆ ಹೋದರೆ ಈ ಮಾತು ಅಪ್ರಾಮಾಣಿಕವಾಗುತ್ತದೆ. ನಮ್ಮ ಸೀಮೆಯಲ್ಲಿ ಒಂದು ಕಿಲೋವಾಟಿನ ಫಲಕ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ತಿರುಗುವ ಭಾಗ ಒಂದೂ ಇಲ್ಲ, ಬೆಲೆಯೂ ಬಹಳ ಇಳಿದಿದೆ. ಮನೆಗೆ ನಾಲ್ಕು ದೀಪ, ಒಂದು ಫ್ಯಾನು ಸಾಕು ಎನ್ನುವವರಿಗೆ ನಾನು ಹೇಳುವುದು ಇಷ್ಟೇ: ಫಲಕ ಹಾಕಿಸಿ, ಗಾಳಿಯಂತ್ರದ ಗೋಜು ಬೇಡ. ಆದರೆ ವರ್ಷದಲ್ಲಿ ಬಿಸಿಲು ಕೈಕೊಡುವ ತಿಂಗಳು ಯಾವುದು? ಮೋಡ ಕವಿದ ಆಷಾಢ, ಶ್ರಾವಣ. ಗಾಳಿ ಹೆಚ್ಚಿರುವ ತಿಂಗಳೂ ಅದೇ, ಮತ್ತು ಅದು ರಾತ್ರಿಯೂ ಬೀಸುತ್ತದೆ. ಚಿತ್ರದುರ್ಗದಂಥ ಜಿಲ್ಲೆಯಲ್ಲಿ ಸಣ್ಣ ಗಾಳಿಯಂತ್ರಕ್ಕೆ ನ್ಯಾಯವಾದ ಸ್ಥಾನವಿರುವುದು ಇಲ್ಲಿ, ಫಲಕದ ಜೊತೆಗಾರನಾಗಿ. ತೆರೆದ ಜಾಗದಲ್ಲಿ, ವರ್ಷದ ಅಳತೆಯ ನಂತರ, ಎತ್ತರದ ಕಂಬದ ಮೇಲೆ. ಎನ್.ಎ.ಎಲ್. ವಿಜ್ಞಾನಿಗಳು ಈ ಬಗೆಯ ಗಾಳಿ ಬಿಸಿಲಿನ ಜೋಡಿ ವ್ಯವಸ್ಥೆಯನ್ನು ರೂಪಿಸಿದ್ದಾರೆ. ಮನೆಯ ಯು.ಪಿ.ಎಸ್.ನಲ್ಲಿರುವ 150 ಆಂಪಿಯರ್ ಗಂಟೆಯ ಒಂದು ಬ್ಯಾಟರಿ, ಅರ್ಧಕ್ಕಿಂತ ಹೆಚ್ಚು ಬರಿದಾಗದಂತೆ ಬಳಸಿದರೆ, ಸುಮಾರು ಒಂದು ಯೂನಿಟ್ ಹಿಡಿದಿಡುತ್ತದೆ. ಎರಡು ಮೂಲಗಳಿದ್ದರೆ ಬ್ಯಾಟರಿಗಳ ಸಂಖ್ಯೆ ಕಡಿಮೆ ಸಾಕು, ಹಣ ಉಳಿಯುವುದು ಮುಖ್ಯವಾಗಿ ಅಲ್ಲಿ.

ಕೊನೆಗೆ ಕಂಬ ನಿಲ್ಲಿಸುವುದು. ಹತ್ತಿ ಇಳಿಯುವ ಗೋಪುರಕ್ಕಿಂತ ಬುಡದಲ್ಲಿ ಕೀಲಿರುವ, ಬೇಕೆಂದಾಗ ಮಲಗಿಸಬಹುದಾದ ಕೊಳವೆಯ ಕಂಬ ಕ್ಷೇಮ. ನಾಲ್ಕು ದಿಕ್ಕಿಗೆ ಉಕ್ಕಿನ ಹಗ್ಗ ಬಿಗಿದು ನೆಲದೊಳಗಿನ ಕಾಂಕ್ರೀಟು ಗುಂಡುಗಳಿಗೆ ಕಟ್ಟುತ್ತಾರೆ. ಕಂಬ ಏಳುವಾಗ, ಮಲಗುವಾಗ ಅದು ಬೀಳಬಹುದಾದ ವೃತ್ತದೊಳಗೆ ಯಾರೂ ನಿಲ್ಲಬಾರದು. ವಿದ್ಯುತ್ ಇಲಾಖೆಯ ತಂತಿಯಿಂದ ಕಂಬದ ಎತ್ತರಕ್ಕಿಂತ ಹೆಚ್ಚು ದೂರವಿರಬೇಕು. ಬಯಲಿನಲ್ಲಿ ಅದೇ ಎತ್ತರದ ವಸ್ತುವಾದ್ದರಿಂದ ಸಿಡಿಲಿಗೆ ಭೂಸಂಪರ್ಕ ಕೊಡಲೇಬೇಕು.

ಕೆಂಪು ನೆಲದವರಿಗೆ ಇಷ್ಟು ಸಾಕು. ಎರೆ ಹೊಲದವರು ಇನ್ನೊಂದನ್ನು ಗಮನಿಸಬೇಕು. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅದರೊಡನೆ ಕಾಂಕ್ರೀಟು ಗುಂಡೂ ಅಲುಗಾಡಿ ಹಗ್ಗ ಸಡಿಲವಾಗುತ್ತದೆ. ಗುಂಡಿಯನ್ನು ಬಿರುಕು ಇಳಿಯುವ ಆಳಕ್ಕಿಂತ ಕೆಳಗೆ, ಗಟ್ಟಿ ನೆಲ ಸಿಗುವವರೆಗೆ ತೋಡಿಸಬೇಕು. ಪ್ರತಿ ವರ್ಷ ಯುಗಾದಿಯ ಹೊತ್ತಿಗೆ, ಗಾಳಿ ಇನ್ನೂ ಸುಮ್ಮನಿರುವ ಒಂದು ಬೆಳಿಗ್ಗೆ ಕಂಬವನ್ನು ಮಲಗಿಸಿ, ಬೇರಿಂಗಿಗೆ ಗ್ರೀಸು ತುಂಬಿ, ರೆಕ್ಕೆಯ ಅಂಚಿನ ಬಣ್ಣ ನೋಡಿ, ಬೋಲ್ಟುಗಳನ್ನು ಬಿಗಿದು, ಮತ್ತೆ ನಿಲ್ಲಿಸುವಾಗ ನಾಲ್ಕೂ ಹಗ್ಗಗಳನ್ನು ಹೊಸದಾಗಿ ಎಳೆದು ಕಟ್ಟಬೇಕು. ಇಬ್ಬರಿಗೆ ಅರ್ಧ ದಿನದ ಕೆಲಸ. ಏಪ್ರಿಲ್‌ನ ಮೊದಲ ಬಿರುಗಾಳಿ ಬರುವುದರೊಳಗೆ ಅದು ಮುಗಿದಿರಬೇಕು.